ಮಗ ಫೋನಿನಲ್ಲಿ ಬರೀ ಬಾಸ್ಕೆಟ್‌ಬಾಲ್ ಮಾತಾಡುತ್ತಾನೆ

ಹೋದ ಸಂಚಿಕೆಯಲ್ಲಿ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಕ್ರಿಕೆಟ್ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಅರ್ಧಕ್ಕರ್ಧ ಪತ್ರ ಅಪ್ಪ ಅಮ್ಮಂದಿರದ್ದು, ಮಕ್ಕಳನ್ನು ಓದಲು ಅಲ್ಲಿಗೆ ಕಳಿಸಿ ಕೂತವರದ್ದು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಗಂಡಸರ ತಂಡಗಳ ವಿಷಯವೇ ಜಾಸ್ತಿ ಇದೆ, ಹೆಂಗಸರ ಆಟಕ್ಕೆ ಬೇರೆಯೇ ಒಂದು ಸಂಚಿಕೆ ಬೇಕು.

ಮಗ ವರ್ಜೀನಿಯಾ ಯೂನಿವರ್ಸಿಟಿಯಲ್ಲಿ ಎಂ.ಎಸ್. ಮಾಡುತ್ತಿದ್ದಾನೆ. ಇಲ್ಲಿದ್ದಾಗ ಒಂದು ಚೆಂಡು ಮುಟ್ಟಿದವನಲ್ಲ. ಈಗ ಊಟ ಆಯ್ತಾ ಅಂತ ಕೇಳುವ ಮೊದಲೇ 'ಅಮ್ಮ, ನಿನ್ನೆ ಗೆದ್ವಿ' ಅನ್ನುತ್ತಾನೆ. ಇವನೇನು ಆಡಿದ್ದಾ? ಇದು ಯಾವಾಗ ಮುಗಿಯುತ್ತದೆ?
ಒಬ್ಬ ತಾಯಿ, ಮೈಸೂರು

ಆರ್‌ಸಿಬಿ ಕಪ್ ಗೆದ್ದ ದಿನ ನೀವು 'ಗೆದ್ವಿ' ಅನ್ನಲಿಲ್ವಾ ಅಮ್ಮ? ನೀವೇನು ಬ್ಯಾಟ್ ಹಿಡಿದಿದ್ರಾ? ಅವನು 'ಗೆದ್ರು' ಅನ್ನದೆ 'ಗೆದ್ವಿ' ಅನ್ನುತ್ತಿದ್ದಾನೆ ಅಂದರೆ ಆ ಊರಿಗೆ ಹೊಂದಿಕೊಂಡಿದ್ದಾನೆ ಅಂತ ಅರ್ಥ. ಊಟವನ್ನೂ ಮಾಡಿರುತ್ತಾನೆ, ಚಿಂತೆ ಬೇಡ.

ಯಾವಾಗ ಮುಗಿಯುತ್ತದೆ ಅಂದರೆ, ದೀಪಾವಳಿ ಹೊತ್ತಿಗೆ ಶುರುವಾಗಿ ಯುಗಾದಿ ಹೊತ್ತಿಗೆ ಮುಗಿಯುತ್ತದೆ. ಹೀಗೆ ನೆನಪಿಟ್ಟುಕೊಂಡರೆ ಸಾಕು. ನವೆಂಬರ್ ಮೊದಲ ವಾರ ಮೊದಲ ಪಂದ್ಯ. ಕಾಲೇಜುಗಳು ಕಾನ್ಫರೆನ್ಸ್ ಅನ್ನುವ ಗುಂಪುಗಳಾಗಿ ಸೇರಿಕೊಂಡಿರುತ್ತವೆ. ಡಿಸೆಂಬರ್ ಕೊನೆವರೆಗೆ ಹೆಚ್ಚಾಗಿ ತಮ್ಮ ಗುಂಪಿನ ಹೊರಗಿನ ತಂಡಗಳ ಜೊತೆ ಆಟ. ಆಗ ಕೆಲವು ಸಣ್ಣ ಕಾಲೇಜುಗಳು ದೊಡ್ಡ ಕಾಲೇಜಿನ ಅಂಗಳಕ್ಕೆ ಹೋಗಿ, ಸೋಲುವುದು ಹೆಚ್ಚುಕಡಿಮೆ ಗೊತ್ತಿದ್ದೂ ಆಡಿ, ಅದಕ್ಕೆ ದುಡ್ಡು ಪಡೆದು ವಾಪಸ್ ಬರುತ್ತವೆ. ಅವರ ಕ್ರೀಡಾ ವಿಭಾಗಕ್ಕೆ ಅದೂ ಒಂದು ಆದಾಯ. ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ತಮ್ಮ ತಮ್ಮ ಕಾನ್ಫರೆನ್ಸ್ ಒಳಗೆ ಆಟ. ವರ್ಜೀನಿಯಾ ಇರುವುದು ಎಸಿಸಿ ಅನ್ನುವ ಕಾನ್ಫರೆನ್ಸಿನಲ್ಲಿ, ಡ್ಯೂಕ್, ನಾರ್ತ್ ಕೆರೊಲಿನಾ ಎಲ್ಲ ಅಲ್ಲೇ ಇವೆ. ನಿಜವಾದ ಜಗಳ ಇಲ್ಲಿ. ಅದಾದ ಮೇಲೆ ಕಾನ್ಫರೆನ್ಸಿನದ್ದೇ ಒಂದು ಟೂರ್ನಿ. ಆಮೇಲೆ ಒಂದು ಭಾನುವಾರ ಸಂಜೆ ಟಿವಿ ಮುಂದೆ ಎಲ್ಲರೂ ಕೂತು, ದೇಶದ ಸುಮಾರು 360 ತಂಡಗಳಲ್ಲಿ ರಾಷ್ಟ್ರೀಯ ಟೂರ್ನಿಗೆ ಹೋಗುವ 68 ಯಾವುವು ಅಂತ ನೋಡುತ್ತಾರೆ. ಅಲ್ಲಿಂದ ಮೂರು ವಾರ, ಒಂದು ಸೋತರೆ ಮನೆಗೆ. ಏಪ್ರಿಲ್ ಮೊದಲ ಸೋಮವಾರದ ಸುಮಾರಿಗೆ ಫೈನಲ್.

ಚಳಿಗಾಲದಲ್ಲಿ ಅಲ್ಲಿನ ಸಂಜೆ 7 ಗಂಟೆ ಪಂದ್ಯ ನಮಗೆ ಮರುದಿನ ಬೆಳಿಗ್ಗೆ 5.30ಕ್ಕೆ. ನೀವು ಹಾಲು ಕಾಯಿಸುವ ಹೊತ್ತು. ಮಾರ್ಚಿನಲ್ಲಿ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ 4.30. ಮಗ ಜನವರಿಯಲ್ಲಿ ಸೋತ ಸುದ್ದಿ ಹೇಳಿದರೆ 'ಹೌದಾ' ಅಂದು ಮುಂದೆ ಹೋಗಿ. ಮಾರ್ಚಿನಲ್ಲಿ ಸೋತರೆ ಎರಡು ದಿನ ಬಿಟ್ಟು ಫೋನ್ ಮಾಡಿ.

ಕಾಲೇಜು ಪಂದ್ಯಕ್ಕೂ ನಾಲ್ಕು ಕ್ವಾರ್ಟರ್ ಅಂತ ಹೋದ ಸಲ ಬರೆದಿರಿ. ತಪ್ಪು. ತಿದ್ದಿಕೊಳ್ಳಿ.
ಓದುಗರು, ಧಾರವಾಡ

ತಿದ್ದಿಕೊಂಡೆ. ಗಂಡಸರ ಕಾಲೇಜು ಪಂದ್ಯ 20 ನಿಮಿಷದ ಎರಡು ಭಾಗ. ನಾಲ್ಕು ಕ್ವಾರ್ಟರ್ ಇರುವುದು ಹೆಂಗಸರ ಕಾಲೇಜು ಆಟದಲ್ಲಿ. ಎರಡನ್ನೂ ಕಲಸಿಬಿಟ್ಟಿದ್ದೆ. ಸಮ ಆದರೆ ಓವರ್‌ಟೈಮ್ 5 ನಿಮಿಷ, ಅದನ್ನಾದರೂ ಸರಿಯಾಗಿ ಬರೆದಿದ್ದೆ, ಅಲ್ವಾ?

ನಾನು ಎನ್‌ಬಿಎ ನೋಡುತ್ತೇನೆ. ಕಾಲೇಜು ಆಟದಲ್ಲಿ ಬಾಲ್ ಹಾಕೋದಕ್ಕಿಂತ ಮಿಸ್ ಆಗೋದೇ ಜಾಸ್ತಿ. ಇದನ್ನು ಯಾಕೆ ನೋಡಬೇಕು?
ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಆಟದ ಮಟ್ಟ ಕಮ್ಮಿ, ನಿಜ. ಒಪ್ಪಿಕೊಂಡೇ ಶುರು ಮಾಡೋಣ. ಆದರೆ ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಲೀಗಿನ ತಂಡ ಒಂದು ಸೀಸನ್ನಿನಲ್ಲಿ 82 ಪಂದ್ಯ ಆಡುತ್ತದೆ. ಮಂಗಳವಾರ ಸೋತರೆ ಗುರುವಾರಕ್ಕೆ ಮರೆತಿರುತ್ತಾರೆ. ಕಾಲೇಜು ತಂಡಕ್ಕೆ ಟೂರ್ನಿಗಳಿಗೆ ಮೊದಲು ಸಿಗುವುದು ಸುಮಾರು 30 ಪಂದ್ಯ ಅಷ್ಟೇ. ಒಂದೊಂದು ಸೋಲೂ ಮಾರ್ಚಿನ ಭಾನುವಾರದವರೆಗೆ ಲೆಕ್ಕದಲ್ಲಿರುತ್ತದೆ. ಎನ್‌ಬಿಎಯಲ್ಲಿ 24 ಸೆಕೆಂಡಿನೊಳಗೆ ಬಾಸ್ಕೆಟ್‌ಗೆ ಎಸೆಯಬೇಕು, ಇಲ್ಲಿ 30 ಸೆಕೆಂಡ್ ಇದೆ. ಆ ಆರು ಸೆಕೆಂಡಿನಲ್ಲಿ ಕೋಚ್ ತನ್ನ ಬುದ್ಧಿ ಪೂರ್ತಿ ತೋರಿಸಬಹುದು. ಅಲ್ಲಿ ಆರು ಫೌಲ್‌ಗೆ ಹೊರಗೆ, ಇಲ್ಲಿ ಐದಕ್ಕೇ. ಅದರಿಂದ ಒಳ್ಳೆ ಆಟಗಾರ ಮೂರನೇ ಫೌಲ್ ಮಾಡಿದ ತಕ್ಷಣ ಇಡೀ ಸ್ಟೇಡಿಯಂ ಉಸಿರು ಬಿಗಿ ಹಿಡಿಯುತ್ತದೆ.

ಇನ್ನೊಂದು ವಿಷಯ. ನಿಮ್ಮ ವಯಸ್ಸಿನ ಹುಡುಗರು ಇವರು. 19 ವರ್ಷದವನು 20 ಸಾವಿರ ಜನರ ಮುಂದೆ ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ, ಯಾರೂ ತಡೆಯದ ಎಸೆತ) ಲೈನಿನಲ್ಲಿ ನಿಂತು, ಎದುರುಗಡೆ ವಿದ್ಯಾರ್ಥಿಗಳು ಕಿರುಚುತ್ತಾ ಕೈ ಬೀಸುತ್ತಿರುವಾಗ, ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು ಮೇಲೆ ನೋಡುತ್ತಾನೆ. ಮಿಸ್ ಆಗದೆ ಇನ್ನೇನಾಗುತ್ತದೆ? ಹಾಕಿದಾಗಲೇ ನನಗೆ ಆಶ್ಚರ್ಯ.

ನಾನು ನಿವೃತ್ತ ಪಿ.ಟಿ. ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ಮಣ್ಣಿನ ಅಂಗಳದಲ್ಲಿ ಬಾಸ್ಕೆಟ್‌ಬಾಲ್ ಆಡಿದವನು. ಅಮೆರಿಕದಲ್ಲಿ ಒಂದನೇ ಸೀಡ್ ತಂಡ 16ನೇ ಸೀಡ್‌ಗೆ ಸೋತು, ಮಾರನೇ ವರ್ಷ ಅದೇ ತಂಡ ಚಾಂಪಿಯನ್ ಆಯಿತಂತೆ. ವಿವರವಾಗಿ ಹೇಳಿ.
ಮೇಷ್ಟ್ರು, ಹಾಸನ

ಸಾರ್, ನೀವು ಕೇಳಿದ್ದು ಮೈಸೂರಿನ ಆ ತಾಯಿಯ ಮಗನ ತಂಡದ ಕಥೆಯೇ. ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಸೀಡ್ ವಿಷಯ. ಟೂರ್ನಿಯನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ಬಲದ ಕ್ರಮದಲ್ಲಿ 1ರಿಂದ 16ರವರೆಗೆ ಸೀಡ್ ಕೊಡುತ್ತಾರೆ, ಒಂದನೆಯದು ಎಲ್ಲರಿಗಿಂತ ಬಲಿಷ್ಠ. ಮೊದಲ ಸುತ್ತಿನಲ್ಲಿ ಒಂದನೇ ಸೀಡ್‌ಗೆ 16ನೇ ಸೀಡ್ ಎದುರಾಳಿ. 1985ರಲ್ಲಿ ಟೂರ್ನಿ 64 ತಂಡಕ್ಕೆ ಬೆಳೆದಾಗಿನಿಂದ ಗಂಡಸರ ಆಟದಲ್ಲಿ ಇಂಥ 135 ಪಂದ್ಯ ಆಗಿದ್ದವು. 135ರಲ್ಲೂ ಒಂದನೇ ಸೀಡ್ ಗೆದ್ದಿತ್ತು. ನೂರ ಮೂವತ್ತೈದಕ್ಕೆ ಸೊನ್ನೆ.

2017ರ ನವೆಂಬರಿನಲ್ಲಿ ಸೀಸನ್ ಶುರುವಾಗುವಾಗ ಪತ್ರಕರ್ತರ ಟಾಪ್ 25 ಪಟ್ಟಿಯಲ್ಲಿ ವರ್ಜೀನಿಯಾ ಇರಲೇ ಇಲ್ಲ. ನಾನು ಆಗ ವರ್ಜೀನಿಯಾದ ರಿಚ್ಮಂಡ್‌ನಲ್ಲಿ ತಮ್ಮನ ಮನೆಯಲ್ಲಿ ಕೆಲವು ತಿಂಗಳು ಇದ್ದೆ. ಅವನು ಆ ಯೂನಿವರ್ಸಿಟಿಯಲ್ಲಿ ಓದಿದವನು, ಹಾಗಾಗಿ ಮನೆಯಲ್ಲಿ ಬೇರೆ ಚಾನೆಲ್ ಇರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಮೊದಲ ನಾಲ್ಕೈದು ಪಂದ್ಯ ನನಗೆ ನಿದ್ದೆ ತರಿಸಿದವು. ಇಡೀ ದೇಶದಲ್ಲಿ ಇಷ್ಟು ನಿಧಾನವಾಗಿ ಆಡುವ ತಂಡ ಹುಡುಕಿದರೂ ಸಿಗುತ್ತಿರಲಿಲ್ಲ. ಚೆಂಡು ಕೈಗೆ ಬಂದರೆ ಅವಸರ ಇಲ್ಲ, 20, 25 ಸೆಕೆಂಡ್ ಸುತ್ತಾಡಿಸಿ, ಸರಿಯಾದ ಜಾಗ ಸಿಕ್ಕಿದ ಮೇಲೇ ಎಸೆತ. ದ್ರಾವಿಡ್ ಬ್ಯಾಟಿಂಗ್ ನೋಡಿ ಬೆಳೆದವರಿಗೆ ಮಾತ್ರ ಇಷ್ಟವಾಗುವ ಆಟ. ಜನವರಿ ಹೊತ್ತಿಗೆ ನನಗೂ ಇಷ್ಟವಾಯಿತು.

ಅವರ ಡಿಫೆನ್ಸ್ ಬಗ್ಗೆ ನಿಮಗೆ ಹೇಳಲೇಬೇಕು. ಪ್ಯಾಕ್ ಲೈನ್ ಅಂತ ಅದರ ಹೆಸರು. ಕೋಚ್ ಟೋನಿ ಬೆನೆಟ್ ಅವರ ಅಪ್ಪ ಡಿಕ್ ಬೆನೆಟ್, ಅವರೂ ಕೋಚೇ, ಕಟ್ಟಿದ ಪದ್ಧತಿ. ಮೂರು ಪಾಯಿಂಟ್ ಗೆರೆಗಿಂತ (ಅದರಾಚೆಯಿಂದ ಎಸೆದು ಹಾಕಿದರೆ ಮೂರು ಪಾಯಿಂಟ್) ಒಳಗೆ, ಕಣ್ಣಿಗೆ ಕಾಣದ ಇನ್ನೊಂದು ಗೆರೆ ಇದೆ ಅಂದುಕೊಳ್ಳಿ. ಚೆಂಡು ಹಿಡಿದವನ ಮೇಲೆ ಒಬ್ಬ ಮಾತ್ರ ಮುಗಿಬೀಳುತ್ತಾನೆ. ಉಳಿದ ನಾಲ್ವರೂ ಆ ಗೆರೆಯ ಒಳಗೇ ಇರುತ್ತಾರೆ. ಯಾರಾದರೂ ಒಳಕ್ಕೆ ನುಗ್ಗಿದರೆ ಎದುರಿಗೆ ಗೋಡೆ. ಕಬಡ್ಡಿಯಲ್ಲಿ ರೈಡರ್ ಒಳಗೆ ಬರಲಿ ಅಂತ ಬಿಟ್ಟು ಮೂಲೆಗಳು ಮುಚ್ಚಿಕೊಳ್ಳುತ್ತವಲ್ಲ, ಹೆಚ್ಚುಕಡಿಮೆ ಹಾಗೆ. ಹೊರಗಿನಿಂದ ಎಸೆಯುತ್ತೀಯಾ, ಎಸಿ ಅನ್ನುವ ಧೈರ್ಯ. ಅದರಲ್ಲೇ ಅಪಾಯವೂ ಇತ್ತು.

ಈ ಆಟ ಆಡಿಕೊಂಡೇ ಎಸಿಸಿಯಲ್ಲಿ 18 ಪಂದ್ಯದಲ್ಲಿ 17 ಗೆದ್ದರು. ಬ್ರೂಕ್ಲಿನ್‌ನಲ್ಲಿ ಕಾನ್ಫರೆನ್ಸ್ ಟೂರ್ನಿಯನ್ನೂ ಗೆದ್ದರು. ಒಟ್ಟು 31 ಗೆಲುವು, 2 ಸೋಲು. ಎದುರಾಳಿಗಳಿಗೆ ಒಂದು ಪೂರ್ತಿ ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು ಸರಾಸರಿ 53 ಪಾಯಿಂಟ್ ಸುಮಾರು. ಈ 53 ನೆನಪಿಟ್ಟುಕೊಳ್ಳಿ ಸಾರ್.

ರಾಷ್ಟ್ರೀಯ ಟೂರ್ನಿಯಲ್ಲಿ ಎಲ್ಲರಿಗಿಂತ ಮೇಲಿನ ಸೀಡ್ ವರ್ಜೀನಿಯಾಗೇ ಸಿಕ್ಕಿತು. ಎದುರಿಗೆ ಯುಎಂಬಿಸಿ, ಬಾಲ್ಟಿಮೋರ್ ಹತ್ತಿರದ ಕಾಲೇಜು, ಅಲ್ಲಿವರೆಗೆ ಚೆಸ್ ತಂಡಕ್ಕೆ ಹೆಸರಾದದ್ದು. ಅದೇ ಜನವರಿಯಲ್ಲಿ ಆಲ್ಬನಿ ಕಾಲೇಜಿನ ಕೈಯಲ್ಲಿ 83-39ರಲ್ಲಿ ಸೋತಿದ್ದ ತಂಡ ಅದು, 44 ಪಾಯಿಂಟ್ ಅಂತರ! ಅವರ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ಆಟ ನಡೆಸುವವನು, ಕೆ.ಜೆ. ಮೌರಾ 5 ಅಡಿ 8 ಅಂಗುಲ, ನಮ್ಮ ಬಸ್ ಕ್ಯೂನಲ್ಲಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಟೂರ್ನಿಗೆ ಸ್ವಲ್ಪ ಮೊದಲು ವರ್ಜೀನಿಯಾದ ಡಿಆಂಡ್ರೆ ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗಾಗಿದ್ದ. ಅದನ್ನು ಯಾರೂ ಅಷ್ಟು ತಲೆಗೆ ಹಾಕಿಕೊಳ್ಳಲಿಲ್ಲ. 16ನೇ ಸೀಡ್ ತಾನೇ ಎದುರಿಗೆ.

2018ರ ಮಾರ್ಚ್ 16, ಶುಕ್ರವಾರ ರಾತ್ರಿ, ಶಾರ್ಲೆಟ್ ಊರು. ಭಾನುವಾರ ಯುಗಾದಿ ಇತ್ತು, ತಮ್ಮನ ಹೆಂಡತಿ ಹೋಳಿಗೆಗೆ ಅಂತ ತೊಗರಿಬೇಳೆ ತಂದಿಟ್ಟಿದ್ದಳು. ಅರ್ಧ ಆಟಕ್ಕೆ 21-21. 'ಇವರು ಯಾವಾಗಲೂ ಹೀಗೇ, ಆಮೇಲೆ ಮೇಲೆ ಬರುತ್ತಾರೆ' ಅಂದ ತಮ್ಮ. ಎರಡನೇ ಭಾಗ ಶುರುವಾದ ಮೇಲೆ ಯುಎಂಬಿಸಿ ಹುಡುಗರು ಹೊರಗಿನಿಂದ ಎಸೆದದ್ದೆಲ್ಲ ಒಳಗೆ. ಜೈರಸ್ ಲೈಲ್ಸ್ ಅನ್ನುವವನೊಬ್ಬನೇ 28 ಪಾಯಿಂಟ್. ನಿಧಾನ ಆಡುವ ತಂಡ ಹಿಂದೆ ಬಿದ್ದರೆ ಏನಾಗುತ್ತದೆ ಅಂತ ಅವತ್ತು ಗೊತ್ತಾಯಿತು ನನಗೆ. ಓಡಿ ಅಭ್ಯಾಸವೇ ಇಲ್ಲದವರು ಬಸ್ ಹಿಂದೆ ಓಡಿದಂತೆ. ಕೊನೆಗೆ 74-54. ಇಪ್ಪತ್ತು ಪಾಯಿಂಟಿನ ಸೋಲು. ಲೆಕ್ಕ ಹಾಕಿ ನೋಡಿ, ಯುಎಂಬಿಸಿ ಎರಡನೇ ಭಾಗ ಒಂದರಲ್ಲೇ ಹಾಕಿದ್ದು 53. ವರ್ಜೀನಿಯಾ ಇಡೀ ಪಂದ್ಯಕ್ಕೆ ಬಿಟ್ಟುಕೊಡುತ್ತಿದ್ದಷ್ಟು.

ತಮ್ಮ ಟಿವಿ ಆರಿಸಲಿಲ್ಲ, ಸೌಂಡ್ ಮಾತ್ರ ತೆಗೆದ. ಭಾನುವಾರ ಹೋಳಿಗೆ ಆಯಿತು. ಆ ಯುಗಾದಿ ಬಗ್ಗೆ ಇನ್ನೇನೂ ನೆನಪಿಲ್ಲ.

ಈಗ ಮಾರನೇ ಸೀಸನ್. ಬೆನೆಟ್ ಆ ಸೋಲನ್ನು ಮುಚ್ಚಿಡಲಿಲ್ಲ. ಹೋದಲ್ಲೆಲ್ಲ ಅದೇ ಪ್ರಶ್ನೆ, ಎಲ್ಲದಕ್ಕೂ ಕೂತು ಉತ್ತರ ಕೊಟ್ಟರು, ಹುಡುಗರೂ ಕೊಟ್ಟರು. ನಾನು ಅಷ್ಟರಲ್ಲಿ ಬೆಂಗಳೂರಿಗೆ ಬಂದಿದ್ದೆ, ಬೆಳಗಿನ ಜಾವ ಎದ್ದು ನೋಡುವ ಚಟ ಮಾತ್ರ ಹೋಗಿರಲಿಲ್ಲ. ಮೊದಲ 16 ಪಂದ್ಯ ಸತತ ಗೆಲುವು. ಜನವರಿಯಲ್ಲಿ ಡ್ಯೂಕ್ ಅಂಗಳದಲ್ಲಿ 72-70ಕ್ಕೆ ಸೋತರು, ಫೆಬ್ರುವರಿಯಲ್ಲಿ ತಮ್ಮ ಅಂಗಳದಲ್ಲೂ ಡ್ಯೂಕ್‌ಗೇ ಸೋತರು, ಕಾನ್ಫರೆನ್ಸ್ ಟೂರ್ನಿಯಲ್ಲಿ ಫ್ಲೋರಿಡಾ ಸ್ಟೇಟ್‌ಗೆ ಸೋತರು. ಅಷ್ಟೇ, ಮೂರು ಸೋಲು. ಮತ್ತೆ ಒಂದನೇ ಸೀಡ್. ಮತ್ತೆ 16ನೇ ಸೀಡ್ ಎದುರಾಳಿ, ಗಾರ್ಡನರ್ ವೆಬ್ ಅನ್ನುವ ಸಣ್ಣ ಕಾಲೇಜು. ಮೊದಲ ಭಾಗದಲ್ಲಿ ಒಂದು ಹಂತದಲ್ಲಿ ವರ್ಜೀನಿಯಾ 14 ಪಾಯಿಂಟ್ ಹಿಂದೆ! ತಮ್ಮನಿಗೆ ಮೆಸೇಜ್ ಹಾಕಿದೆ, ಉತ್ತರವೇ ಇಲ್ಲ. ಆಮೇಲೆ ಹೇಗೋ ಸುಧಾರಿಸಿಕೊಂಡು 71-56ಕ್ಕೆ ಗೆದ್ದರು. ಅವತ್ತು ಮುಗಿದಿದ್ದರೆ ಆ ಕೋಚ್ ಕೆಲಸ ಉಳಿಯುತ್ತಿತ್ತೋ ಏನೋ.

ಓಕ್ಲಹೋಮಾ, ಆರೆಗನ್ ಪಂದ್ಯ ದಾಟಿದರು, ಅದನ್ನು ಬಿಡೋಣ. ಪರ್ಡ್ಯೂ ಜೊತೆ ಆಡಿದ್ದನ್ನು ಮಾತ್ರ ಕೇಳಿ. ಎದುರು ತಂಡದ ಕಾರ್ಸನ್ ಎಡ್ವರ್ಡ್ಸ್ ಒಬ್ಬನೇ 42 ಪಾಯಿಂಟ್ ಹಾಕಿದ, ಅದರಲ್ಲಿ ಹತ್ತು ಎಸೆತ ಮೂರು ಪಾಯಿಂಟಿನವು. ಕೊನೆಯ 5.9 ಸೆಕೆಂಡ್ ಇರುವಾಗ ವರ್ಜೀನಿಯಾ ಮೂರು ಪಾಯಿಂಟ್ ಹಿಂದೆ. ಟೈ ಜೆರೋಮ್ ಎರಡು ಫ್ರೀ ಥ್ರೋ ಎಸೆಯಬೇಕು. ಮೊದಲನೆಯದು ಒಳಗೆ, ಎರಡನೆಯದು ಮಿಸ್. ಗಿನಿ ದೇಶದಿಂದ ಬಂದ ಮಮಾದಿ ಡಿಯಾಕಿಟೆ ಎಲ್ಲರಿಗಿಂತ ಮೇಲೆ ಹಾರಿ ಚೆಂಡಿಗೆ ಕೈ ತಾಗಿಸಿದ. ಅದು ಪುಟಿದು ಅಂಗಳದ ಆ ಕಡೆ ಅರ್ಧಕ್ಕೆ ಹೋಯಿತು. ಕಿಹೈ ಕ್ಲಾರ್ಕ್, ಮೊದಲ ವರ್ಷದ ಹುಡುಗ, 5 ಅಡಿ 9 ಅಂಗುಲ, ಹಿಂದೆ ಓಡಿ ಚೆಂಡು ಹಿಡಿದ. ಅಲ್ಲಿಂದ ಯಾರಾದರೂ ಸುಮ್ನೆ ಬಾಸ್ಕೆಟ್ ಕಡೆ ಎಸೆದುಬಿಡುತ್ತಿದ್ದರು. ಇವನು ತಲೆ ಎತ್ತಿ ನೋಡಿ, ದೂರದಲ್ಲಿದ್ದ ಡಿಯಾಕಿಟೆಗೆ ಪಾಸ್ ಕೊಟ್ಟ. ಡಿಯಾಕಿಟೆ ಎಸೆದ, ಚೆಂಡು ಗಾಳಿಯಲ್ಲಿರುವಾಗಲೇ ಬಜರ್ ಹೊಡೆಯಿತು, ಒಳಗೆ ಬಿತ್ತು. 70-70. ಓವರ್‌ಟೈಮ್‌ನಲ್ಲಿ 80-75. ನೀವು ಹುಡುಗರಿಗೆ ಕಲಿಸಿದವರು ಸಾರ್, ಆ ಪಾಸ್ ಎಂಥದ್ದು ಅಂತ ನನಗಿಂತ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ.

ಸೆಮಿಫೈನಲ್ ಮಿನಿಯಾಪೊಲಿಸ್‌ನಲ್ಲಿ, 2019ರ ಏಪ್ರಿಲ್ 6. ಮತ್ತೆ ಯುಗಾದಿ! ಇಲ್ಲಿ ಹಬ್ಬದೂಟ ಮಾಡಿ ಮಲಗಿ ಬೆಳಗಿನ ಜಾವ ಮೂರೂವರೆಗೆ ಎದ್ದೆ. ಆಬರ್ನ್ ತಂಡ ಎದುರಿಗೆ. ಹತ್ತು ಪಾಯಿಂಟ್ ಮುಂದಿದ್ದವರು ಕೊನೆಯ ಐದು ನಿಮಿಷದಲ್ಲಿ ಎಲ್ಲ ಕಳೆದುಕೊಂಡರು. 0.6 ಸೆಕೆಂಡ್ ಉಳಿದಿದೆ, ಎರಡು ಪಾಯಿಂಟ್ ಹಿಂದೆ, ಕೈಲ್ ಗೈ ಮೂಲೆಯಿಂದ ಎಸೆದದ್ದು ಬೀಳಲಿಲ್ಲ. ಆಬರ್ನ್ ಹುಡುಗರು ಕುಣಿಯಲು ಶುರು ಮಾಡಿದ್ದರು. ಆಗ ರೆಫರಿ ಸೀಟಿ. ಎಸೆಯುವಾಗ ಫೌಲ್ ಆಗಿದೆ, ಮೂರು ಫ್ರೀ ಥ್ರೋ. ಗೈ ಜೆರ್ಸಿಯಲ್ಲಿ ಮುಖ ಮುಚ್ಚಿಕೊಂಡ, ಆಮೇಲೆ ಬಂದು ಮೂರನ್ನೂ ಹಾಕಿದ. 63-62. ಅದಕ್ಕೆ ಸ್ವಲ್ಪ ಮೊದಲು ಜೆರೋಮ್ ಡಬಲ್ ಡ್ರಿಬಲ್ (ಚೆಂಡು ಬಡಿಯುವುದನ್ನು ನಿಲ್ಲಿಸಿ ಮತ್ತೆ ಬಡಿಯುವ ತಪ್ಪು) ಮಾಡಿದ್ದನ್ನು ರೆಫರಿ ಹಿಡಿಯಲಿಲ್ಲ ಅನ್ನುವುದೂ ಅಷ್ಟೇ ನಿಜ. ಆಬರ್ನ್ ಕಡೆಯವರ ಹತ್ತಿರ ಈ ಪಂದ್ಯದ ಮಾತು ತೆಗೆಯಬೇಡಿ.

ಸೋಮವಾರ ಫೈನಲ್, ನಮಗೆ ಮಂಗಳವಾರ ಬೆಳಿಗ್ಗೆ ಏಳರ ಹತ್ತಿರ. ಟೆಕ್ಸಸ್ ಟೆಕ್ ವಿರುದ್ಧ. 72 ಸಾವಿರಕ್ಕೂ ಜಾಸ್ತಿ ಜನ. 68-65ಕ್ಕೆ ಹಿಂದೆ ಇದ್ದಾಗ, ಇನ್ನು ಹನ್ನೆರಡು ಹದಿಮೂರು ಸೆಕೆಂಡ್ ಇರುವಾಗ, ಮೂರು ಪಾಯಿಂಟ್ ಹಾಕಿ ಸಮ ಮಾಡಿದ್ದು ಯಾರು ಹೇಳಿ? ಡಿಆಂಡ್ರೆ ಹಂಟರ್. ಹಿಂದಿನ ವರ್ಷ ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಬೆಂಚಿನಲ್ಲಿ ಕೂತು ಯುಎಂಬಿಸಿ ಪಂದ್ಯ ನೋಡಿದವನು. ಫೈನಲ್‌ನಲ್ಲಿ ಅವನದ್ದು 27 ಪಾಯಿಂಟ್. ಓವರ್‌ಟೈಮ್ ಮುಗಿದಾಗ 85-77. ವರ್ಜೀನಿಯಾಗೆ ಅದು ಮೊದಲ ಕಪ್. ನಾನು ಅವತ್ತು ಆಫೀಸಿಗೆ ಹೋಗಿದ್ದು ಹನ್ನೊಂದಕ್ಕೆ, ಟ್ರಾಫಿಕ್ ಅಂತ ಸುಳ್ಳು ಹೇಳಿದೆ.

ಇಲ್ಲಿ ಆಫೀಸಿನಲ್ಲಿ ಮಾರ್ಚ್ ಬಂದರೆ ಎಲ್ಲರೂ ಬ್ರಾಕೆಟ್ ತುಂಬುತ್ತಾರೆ. ನನಗೆ ಆಟದ ಗಂಧಗಾಳಿ ಇಲ್ಲ. ಹೇಗೆ ತುಂಬಲಿ?
ಕನ್ನಡಿಗ, ನ್ಯೂಜೆರ್ಸಿ

ಗೊತ್ತಿಲ್ಲದವರೇ ಗೆಲ್ಲುವುದು ಜಾಸ್ತಿ, ಧೈರ್ಯವಾಗಿ ತುಂಬಿ. ಗೊತ್ತಿಲ್ಲದ ಉಳಿದವರಿಗೂ ಹೇಳುತ್ತೇನೆ: ಟೂರ್ನಿಯ ಪ್ರತಿ ಪಂದ್ಯ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದುಕೊಡುವ ಹಾಳೆ ಅದು. 68 ತಂಡವನ್ನು 64ಕ್ಕೆ ಇಳಿಸುವ ಶುರುವಿನ ನಾಲ್ಕು ಪಂದ್ಯ ಬಿಟ್ಟರೆ ಒಟ್ಟು 63 ಪಂದ್ಯ. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿ ತುಂಬಿದರೆ ಎಲ್ಲವೂ ಸರಿ ಬರುವ ಸಾಧ್ಯತೆ 92 ಸಾವಿರ ಕೋಟಿ ಕೋಟಿಯಲ್ಲಿ ಒಂದು. ಕೋಟಿ ಎರಡು ಸಲ ಬಂದಿದೆ, ಅಚ್ಚಿನ ತಪ್ಪಲ್ಲ. 2019ರಲ್ಲಿ ಒಹಾಯೊದ ಒಬ್ಬರು ಮೊದಲ 49 ಪಂದ್ಯ ಸರಿಯಾಗಿ ಹೇಳಿದ್ದೇ ದೊಡ್ಡ ಸುದ್ದಿಯಾಗಿತ್ತು.

ಒಂದು ಉಪಾಯ ಇದೆ. 5ನೇ ಸೀಡ್ ಮತ್ತು 12ನೇ ಸೀಡ್ ಆಡುವ ನಾಲ್ಕು ಪಂದ್ಯದಲ್ಲಿ ಒಂದಕ್ಕಾದರೂ 12ನೆಯದನ್ನು ಬರೆಯಿರಿ, ಮೂರು ಪಂದ್ಯಕ್ಕೆ ಒಂದರ ಹಾಗೆ ಅವರು ಗೆಲ್ಲುತ್ತಲೇ ಬಂದಿದ್ದಾರೆ. 16ನೆಯದನ್ನು ಬರೆಯಬೇಡಿ. ಯುಎಂಬಿಸಿ ನಂತರ 2023ರಲ್ಲಿ ಫೇರ್ಲಿ ಡಿಕಿನ್ಸನ್ ಕಾಲೇಜು ಪರ್ಡ್ಯೂ ತಂಡವನ್ನು 63-58ಕ್ಕೆ ಸೋಲಿಸಿತು. ನಿಮ್ಮ ನ್ಯೂಜೆರ್ಸಿಯದ್ದೇ ಕಾಲೇಜು, ಹಾಗಾಗಿ ನಿಮಗೆ ಆಸೆ ಹುಟ್ಟುವುದು ಸಹಜ, ಆದರೂ ಬೇಡ. 2018ರಲ್ಲಿ ನನ್ನ ಹಾಳೆಯಲ್ಲಿ ಚಾಂಪಿಯನ್ ಅಂತ ಬರೆದಿದ್ದು ವರ್ಜೀನಿಯಾ. ಎರಡನೇ ದಿನಕ್ಕೇ ಹರಿದು ಹಾಕಿದೆ.

ಈ ಹುಡುಗರಿಗೆ ಸಂಬಳ ಇದೆಯಾ? ಪಾಠ ಓದುತ್ತಾರಾ?
ಬ್ಯಾಂಕ್ ಉದ್ಯೋಗಿ, ಮಂಗಳೂರು

ಓದಬೇಕು, ಪಾಸಾಗಬೇಕು, ಇಲ್ಲದಿದ್ದರೆ ಆಡಲು ಬಿಡುವುದಿಲ್ಲ. ಸಂಬಳದ ಕಥೆ ಬೇರೆ. 2021ರ ಜುಲೈವರೆಗೆ ಫೀಸು, ಹಾಸ್ಟೆಲ್, ಊಟ ಇಷ್ಟು ಸಿಗುತ್ತಿತ್ತು. ಕೋಚ್‌ಗಳಿಗೆ ಮಾತ್ರ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್. ಆಮೇಲೆ ಆಟಗಾರರು ತಮ್ಮ ಹೆಸರು, ಫೋಟೋ ಬಳಸಿ ಜಾಹೀರಾತಿನಿಂದ ಸಂಪಾದಿಸಬಹುದು ಅಂತಾಯಿತು. 2025ರಿಂದ ಕಾಲೇಜುಗಳೇ ನೇರ ಹಣ ಕೊಡಬಹುದು. ಎಲ್ಲ ಆಟಗಳಿಗೂ ಸೇರಿ ಒಂದು ಕಾಲೇಜಿಗೆ ಮೊದಲ ವರ್ಷದ ಮಿತಿ ಸುಮಾರು 2 ಕೋಟಿ 5 ಲಕ್ಷ ಡಾಲರ್. ಆಟಗಾರರ ಪಾಲಿಗೆ ಇದು ನ್ಯಾಯವೇ, ನನಗೆ ಅದರಲ್ಲಿ ಅನುಮಾನ ಇಲ್ಲ.

ಆದರೆ ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚ್ ಕಾಯಬೇಕಿತ್ತು, ಈಗ ಅದೂ ಇಲ್ಲ. ಪ್ರತಿ ಏಪ್ರಿಲ್‌ನಲ್ಲಿ ಅರ್ಧ ತಂಡ ಗಂಟುಮೂಟೆ ಕಟ್ಟುತ್ತದೆ. ನವೆಂಬರಿನಲ್ಲಿ ಹೊಸ ಮುಖಗಳ ಹೆಸರು ಕಲಿಯುವುದೇ ಅಭಿಮಾನಿಗಳಿಗೆ ಕೆಲಸ. 2024ರ ಅಕ್ಟೋಬರಿನಲ್ಲಿ, ಸೀಸನ್‌ಗೆ ಇನ್ನು ಕೆಲವೇ ವಾರ ಇರುವಾಗ, ಟೋನಿ ಬೆನೆಟ್ ಈ ಹೊಸ ವಾತಾವರಣಕ್ಕೆ ನಾನು ಸರಿಯಾದವನಲ್ಲ ಅಂತ ಹೇಳಿ ನಿವೃತ್ತಿ ತೆಗೆದುಕೊಂಡರು.

ಮಗಳು ಜಿಲ್ಲಾ ತಂಡದಲ್ಲಿ ಆಡುತ್ತಾಳೆ. ನಮ್ಮ ಕಡೆಯವರು ಯಾರಾದರೂ ಅಲ್ಲಿ ಆಡಿದ್ದಾರಾ?
ತಂದೆ, ತುಮಕೂರು

ಆಡಿದ್ದಾರೆ. ಬೆಂಗಳೂರಿನ ಸಂಜನಾ ರಮೇಶ್ ನಾರ್ದರ್ನ್ ಅರಿಜೋನಾ ಯೂನಿವರ್ಸಿಟಿ ತಂಡಕ್ಕೆ ಆಡಿದರು, ಅಲ್ಲಿನ ಅತಿ ಮೇಲಿನ ದರ್ಜೆ ಡಿವಿಷನ್ ಒಂದರಲ್ಲಿ. ಮಗಳಿಗೆ ಈ ಹೆಸರು ಬಹುಶಃ ಗೊತ್ತಿರುತ್ತದೆ, ಕೇಳಿ ನೋಡಿ. ಒಂದು ಮಾತು: ಮೇಲೆ ಹೇಳಿದ ಹಣದ ವಿಷಯ ಕೇಳಿ ಲೆಕ್ಕ ಹಾಕಬೇಡಿ. ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ದುಡಿದು ಸಂಪಾದಿಸುವುದಕ್ಕೆ ಬಿಗಿ ನಿಯಮ ಇದೆ. ಸ್ಕಾಲರ್‌ಶಿಪ್ ಸಿಕ್ಕರೆ ಅದೇ ದೊಡ್ಡದು, ಅದಕ್ಕೆ ಮಾರ್ಕ್ಸೂ ಬೇಕು. ಆಟದ ಪೂರ್ತಿ ಪಂದ್ಯಗಳ ವಿಡಿಯೋ ಈಗಿನಿಂದಲೇ ತೆಗೆದಿಡಿ. ಬರೀ ಒಳ್ಳೆ ಎಸೆತಗಳನ್ನು ಜೋಡಿಸಿದ್ದು ಸಾಲುವುದಿಲ್ಲ.

ನಾನೂ ಒಂದು ತಂಡದ ಹಿಂದೆ ಬೀಳಬೇಕು ಅಂತಿದ್ದೇನೆ. ಯಾವುದು ಆರಿಸಲಿ? ಗೆಲ್ಲುವ ತಂಡ ಹೇಳಿ.
ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಗೆಲ್ಲುವ ತಂಡ ಬೇಕಾದರೆ ಏಪ್ರಿಲ್‌ನಲ್ಲಿ ಆರಿಸಿ, ಆಗ ಗೊತ್ತಾಗಿರುತ್ತದೆ. ನೆಂಟರೋ ಗೆಳೆಯರೋ ಯಾವುದಾದರೂ ಕಾಲೇಜಿನಲ್ಲಿ ಇದ್ದರೆ ಅದೇ ನಿಮ್ಮ ತಂಡ, ಎಷ್ಟೇ ಕೆಟ್ಟದಾಗಿ ಆಡಲಿ. ಒಂದೇ ಷರತ್ತು, ನವೆಂಬರಿನಿಂದ ನೋಡಿ. ವಾರಕ್ಕೆ ಒಂದು ಪಂದ್ಯ ಸಾಕು. ಮಾರ್ಚಿನಲ್ಲಿ ಮಾತ್ರ ನೋಡುವವರಿಗೆ ಡಿಯಾಕಿಟೆ ಎಸೆತ ಬರೀ ಒಂದು ಎಸೆತ. ನಾಲ್ಕು ತಿಂಗಳು ಆ ಹುಡುಗರನ್ನು ನೋಡಿದವರು ಆ ಹೊತ್ತಿಗೆ ಕುರ್ಚಿಯಿಂದ ಎದ್ದಿದ್ದರು.

ಬೇಜಾರಿಗೂ ಸಿದ್ಧವಾಗಿರಿ. ಕಪ್ ಗೆದ್ದ ಮಾರನೇ ವರ್ಷ, 2020ರಲ್ಲಿ, ಕೊರೊನಾದಿಂದ ಟೂರ್ನಿಯೇ ನಡೆಯಲಿಲ್ಲ. ಅದಾದ ಮೇಲೆ 2021, 2023, 2024 ಮೂರು ಸಲವೂ ವರ್ಜೀನಿಯಾ ಟೂರ್ನಿಯ ಮೊದಲ ಪಂದ್ಯದಲ್ಲೇ ಸೋತಿತು. 2023ರದ್ದು ಫರ್ಮನ್ ಕಾಲೇಜಿನ ಎದುರು. ಎರಡು ಪಾಯಿಂಟ್ ಮುಂದಿದ್ದಾರೆ, ಕೆಲವೇ ಸೆಕೆಂಡ್ ಬಾಕಿ, ಚೆಂಡು ಐದನೇ ವರ್ಷದ ಹಿರಿಯ ಆಟಗಾರನ ಕೈಯಲ್ಲಿ. ಇಬ್ಬರು ಮುತ್ತಿಕೊಂಡರು. ಅವನು ಗಾಬರಿಯಲ್ಲಿ ಚೆಂಡನ್ನು ಮೇಲಕ್ಕೆ ಎಸೆದ, ಎದುರಿನವರಿಗೆ ಸಿಕ್ಕಿತು, ಅವರು ಮೂರು ಪಾಯಿಂಟ್ ಹಾಕಿದರು, 68-67. ಎಸೆದವನು ಕಿಹೈ ಕ್ಲಾರ್ಕ್. ಹೌದು, ಅದೇ ಪಾಸ್ ಕೊಟ್ಟಿದ್ದ ಹುಡುಗ. ದಿನಾಂಕ ಮಾರ್ಚ್ 16. ಯುಎಂಬಿಸಿ ಸೋಲಿಗೆ ಸರಿಯಾಗಿ ಐದು ವರ್ಷ.

ಬೆನೆಟ್ ಬಿಟ್ಟ ಮೇಲೆ ವರ್ಜೀನಿಯಾಗೆ ಕೋಚ್ ಯಾರು?
ಓದುಗರು, ಶಿವಮೊಗ್ಗ

ಒಂದು ಸೀಸನ್ ಹಂಗಾಮಿ ಕೋಚ್ ನಡೆಸಿದರು. 2025ರ ಮಾರ್ಚಿನಲ್ಲಿ ರಯಾನ್ ಓಡಮ್ ಅವರನ್ನು ನೇಮಿಸಿದರು. ಚಿಕ್ಕವರಿದ್ದಾಗ ಅವರ ಅಪ್ಪ ಇದೇ ತಂಡದಲ್ಲಿ ಸಹಾಯಕ ಕೋಚ್, ಮಗ ಅಂಗಳದ ಪಕ್ಕದಲ್ಲಿ ಚೆಂಡು ಎತ್ತಿಕೊಡುವ ಬಾಲ್ ಬಾಯ್. ಆಮೇಲೆ ಬೇರೆ ಬೇರೆ ಕಾಲೇಜುಗಳಲ್ಲಿ ಕೋಚ್ ಆಗಿದ್ದರು. 2018ರ ಆ ಶುಕ್ರವಾರ ರಾತ್ರಿ ಅವರು ಕೂತಿದ್ದು ಯುಎಂಬಿಸಿ ಬೆಂಚಿನಲ್ಲಿ, ಕೋಚ್ ಆಗಿ.

ಮೈಸೂರಿನ ಅಮ್ಮ, ಇದನ್ನು ಇಟ್ಟುಕೊಳ್ಳಿ. ಮುಂದಿನ ಸಲ ಫೋನಿನಲ್ಲಿ ಅವನು 'ಗೆದ್ವಿ' ಅನ್ನುವ ಮೊದಲು ನೀವೇ ಕೇಳಿಬಿಡಿ, ನಿಮ್ಮ ಕೋಚ್ 2018ರಲ್ಲಿ ಯಾವ ಕಡೆ ಇದ್ದರಪ್ಪಾ ಅಂತ.